ಹುಷಾರಾದವನು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬೀಗದವನು ಮಾಡಿದ ಮೊದಲ ಜಗಳ ಕುರ್ಚಿಯದು. ಊಟದ ಮೇಜಿನ ಹತ್ತಿರ ಇದ್ದ ಅವನ ಹಳೆಯ ಮರದ ಕುರ್ಚಿಯನ್ನು ಹೆಂಡತಿ ಸರಿಸಿ, ಕೈಯಿರುವ, ಮೆತ್ತೆ ಹಾಕಿದ ಕುರ್ಚಿಯೊಂದನ್ನು ಇಟ್ಟಿದ್ದಳು.

"ಇದು ಯಾರದ್ದು?"

"ಕೆಳಗಿನ ಮನೆಯವರದ್ದು. ನಾಲ್ಕು ದಿನದ ಮಟ್ಟಿಗೆ ಇಸ್ಕೊಂಡು ಬಂದೆ. ಹೊಲಿಗೆ ಹಾಕಿರೋ ಹೊಟ್ಟೆ, ಹಿಡ್ಕೊಂಡು ಏಳೋಕೆ ಸಲೀಸಾಗುತ್ತೆ ಅಂತ."

"ಅಂದ್ರೆ ಬೀದಿಗೆಲ್ಲ ಸಾರಿ ಬಂದೆ ಅನ್ನು."

"ಕುರ್ಚಿ ಕೊಡಿ ಅಂದೆ ಅಷ್ಟೇರೀ."

"ಯಾಕೆ ಅಂತ ಕೇಳದೆ ಕೊಟ್ಟುಬಿಟ್ರಾ ಅವರು?"

ಅವಳು ಅವನ ತೋಳಿಗೆ ತೋಳು ಕೊಟ್ಟು ಅದೇ ಕುರ್ಚಿಯಲ್ಲಿ ಕೂರಿಸಿದಳು. ಕೂತ ಮೇಲೆ ಅವನಿಗೂ ಹಿತವೆನಿಸಿತು, ಹೇಳಲಿಲ್ಲ.

ಮಾರುಕಟ್ಟೆಯ ಮೂಲೆಯಲ್ಲಿ ತಗಡಿನ ಪೆಟ್ಟಿಗೆ ಅಂಗಡಿಯಿಟ್ಟುಕೊಂಡು ಬೀಗ ರಿಪೇರಿ ಮಾಡುವುದು, ಬೀಗದ ಕೈ ಉಜ್ಜಿ ಕೊಡುವುದು ಅವನ ಕಸುಬು. ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಯಾವ ಹೊತ್ತಿನಲ್ಲಿ ಕರೆದರೂ ಹತಾರಗಳನ್ನು ಹೆಗಲಿಗೇರಿಸಿ ಹೊರಡುತ್ತಿದ್ದ. ಕೆಲಸಕ್ಕಿಂತ ಮಾತು ಹೆಚ್ಚು. ಮಗನ ಮದುವೆಯಲ್ಲಿ, "ಇವರು ಬರೀ ಬೀಗರಲ್ಲ, ಬೀಗದ ಬೀಗರು" ಎಂದು ಹೆಣ್ಣಿನ ಕಡೆಯವರು ನಗಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅಂಥವನಿಗೆ ಈಗ ಜನರೆಂದರೆ ಆಗುತ್ತಿರಲಿಲ್ಲ.

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಡಾಕ್ಟರು ಆ ಭಾಗವನ್ನು ಕತ್ತರಿಸಿ ತೆಗೆದು ಕರುಳನ್ನು ಮತ್ತೆ ಜೋಡಿಸಿದ್ದರು. ಜೋಡಿಸಿದ ಜಾಗ ಮಾಯುವವರೆಗೆ ಮಲ ಬೇರೆ ದಾರಿಯಲ್ಲಿ ಹೋಗಲೆಂದು ಹೊಟ್ಟೆಯ ಮೇಲೆ ಸಣ್ಣದೊಂದು ಬಾಯಿ ಮಾಡಿ, ಅದಕ್ಕೆ ಪ್ಲಾಸ್ಟಿಕ್ ಚೀಲ ಅಂಟಿಸಿದ್ದರು. ಕೆಲವು ತಿಂಗಳಾದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಅದನ್ನು ಮುಚ್ಚುತ್ತೇವೆ ಎಂದಿದ್ದರು. "ಹರಡಿಲ್ಲ. ಅದೃಷ್ಟವಂತರು ನೀವು" ಎಂದೂ ಹೇಳಿದ್ದರು. ಆ ಮಾತು ಕೇಳಿದಾಗ ಹೆಂಡತಿ ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡು ಅತ್ತಳು. ಗಂಡ ಅವಳನ್ನು ದುರುಗುಟ್ಟಿ ನೋಡಿದ.

ಅವಳು ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಶಾಲೆ ತೆರೆಯುವ ಹೊತ್ತು ಹತ್ತಿರವಾಗಿದ್ದರಿಂದ ಕತ್ತರಿಸಿದ ನೀಲಿ ಬಟ್ಟೆಯ ಕಟ್ಟುಗಳು ಗೋಡೆಯುದ್ದಕ್ಕೂ ಪೇರಿಸಿದ್ದವು. ಬೆಳಗ್ಗೆ ಎದ್ದು ಮಗನಿಗೆ ಡಬ್ಬಿ ಕಟ್ಟುವಳು. ಮಗ ಬಸ್ ಡ್ರೈವರ್, ಮೊದಲ ಪಾಳಿ. ಸೊಸೆ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸಕ್ಕೆ ಹೊರಡುವಳು, ಮೊಮ್ಮಗಳು ಶಾಲೆಗೆ. ಆಮೇಲೆ ಮನೆಯಲ್ಲಿ ಅವರಿಬ್ಬರೇ. ಅವನಿಗೆ ಬೇರೆ ಅಡುಗೆ: ನುಣ್ಣಗೆ ಬೇಯಿಸಿದ ಗಂಜಿ, ಹಿಸುಕಿದ ಆಲೂಗಡ್ಡೆ, ಸಿಪ್ಪೆ ಬೀಜ ಏನೂ ಇಲ್ಲದ್ದು. ಚೀಲ ಖಾಲಿ ಮಾಡುವುದು, ತೊಳೆಯುವುದು, ಹಳೆಯದನ್ನು ಕಿತ್ತು ಹೊಸದು ಅಂಟಿಸುವುದು ಎಲ್ಲ ಅವಳದೇ. ನರ್ಸು ಹೇಳಿಕೊಡಲು ಬಂದಾಗ, "ಅವಳಿಗೆ ತೋರ್ಸಿ" ಎಂದಿದ್ದ ಅವನು.

ಪ್ಲಾಸ್ಟಿಕ್ಕು ಬೆವರಿಗೆ ಚರ್ಮಕ್ಕೆ ಹತ್ತುತ್ತದೆಂದು ಉಳಿದ ಯೂನಿಫಾರ್ಮ್ ಬಟ್ಟೆಯಲ್ಲಿ ಅವಳು ಚೀಲಕ್ಕೊಂದು ಅಂಗಿ ಹೊಲಿದಳು. ಅದನ್ನು ನೋಡಿ ಮೊಮ್ಮಗಳು, "ಅಜ್ಜನ ಹೊಟ್ಟೆ ನಮ್ ಸ್ಕೂಲಿಗೆ ಸೇರ್ಕೊಂಡಿದೆ" ಎಂದಳು. ಸೊಸೆ ಗದರಿಸಲು ಹೊರಟವಳು ಮಾವ ನಗುವುದನ್ನು ಕಂಡು ಸುಮ್ಮನಾದಳು. ಆದರೆ ಆ ಸಂಜೆಯೇ ಎಲ್ಲರೂ ಊಟಕ್ಕೆ ಕೂತಿದ್ದಾಗ ಚೀಲ ಗುಳುಗುಳು ಸದ್ದು ಮಾಡಿತು. ಯಾರೂ ತಲೆಯೆತ್ತಲಿಲ್ಲ. ಮಗ ಬೇಗ ಬೇಗ ತಿಂದು ತಟ್ಟೆ ಎತ್ತಿಕೊಂಡು ಎದ್ದುಹೋದ. ಮಾರನೆಯ ದಿನದಿಂದ ಬೀಗದವನು ತನ್ನ ಊಟವನ್ನು ರೂಮಿಗೇ ತರಿಸಿಕೊಳ್ಳತೊಡಗಿದ.

"ಅವನಿಗೆ ಹೊತ್ತಾಗಿತ್ತು ಕಣ್ರೀ, ಅದಕ್ಕೆ ಎದ್ದ."

"ಯಾವ ಬಸ್ಸು ಓಡಿಸೋಕಿತ್ತು ರಾತ್ರಿ ಊಟದ ಮಧ್ಯೆ? ನನಗೇನು ಕಣ್ಣಿಲ್ವಾ?"

ಮಗ ತಾಯಿಯ ಹತ್ತಿರ ಅಡುಗೆಮನೆಯಲ್ಲಿ ಬೇರೆಯೇ ಹೇಳುತ್ತಿದ್ದ. "ಅಪ್ಪ ಎದ್ದು ಓಡಾಡ್ಬೇಕು ಅಂತ ಡಾಕ್ಟರು ಹೇಳಿದ್ದಾರೆ. ನೀನು ನೀರಿನ ಲೋಟಾನೂ ಕೈಗೆ ಕೊಟ್ರೆ ಅವರು ಯಾವಾಗ ಏಳ್ತಾರೆ?"

"ಏಳ್ತಾರೆ ಬಿಡು. ದೊಡ್ಡ ಗಂಡಾಂತರದಿಂದ ಪಾರಾಗಿದ್ದಾರೆ. ಸಿಡುಕು ಇದ್ದೇ ಇರುತ್ತೆ."

"ಸಿಡುಕೆಲ್ಲ ನಿನ್ನ ಮೇಲೇ ಯಾಕೆ?"

"ಇನ್ಯಾರ ಮೇಲೆ ಸಿಡುಕ್ಬೇಕು? ನಿನ್ನ ಮೇಲಾ? ಹೋಗು, ಮಲ್ಕೋ."

ಅವರ ಮನೆ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಂದು ಸಂಜೆ ಸೊಸೆ ಕೆಲಸ ಮುಗಿಸಿ ಬರುವಾಗ ಅತ್ತೆ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಕಾಲ ಬಳಿ ತರಕಾರಿಯ ಚೀಲ, ಆಸ್ಪತ್ರೆಯಿಂದ ತಂದ ಪೊಟ್ಟಣ. ಹಣೆಯೆಲ್ಲ ಬೆವರು, ತುಟಿ ಬಿಳಿಚಿಕೊಂಡಿತ್ತು.

"ಏನಾಯ್ತು ಅತ್ತೆ?"

"ಏನಿಲ್ಲ. ಗ್ಯಾಸು. ಎದೆಗೆ ಒತ್ತುತ್ತೆ, ತೇಗು ಬಂದ್ರೆ ಹೋಗುತ್ತೆ."

"ತೋಳು ಯಾಕೆ ಒತ್ಕೋತಿದ್ದೀರಿ?"

"ಮಿಷನ್ನಿಗೆ ಬಗ್ಗಿ ಬಗ್ಗಿ ಹೆಗಲು ಹಿಡ್ಕೊಂಡಿದೆ. ವಯಸ್ಸಾಯ್ತಲ್ಲಮ್ಮ."

"ಹೇಗೂ ಮಾವನ ಚೆಕಪ್ಪಿಗೆ ಆಸ್ಪತ್ರೆಗೆ ಹೋಗ್ತೀರಲ್ಲ, ಅಲ್ಲೇ ಒಂದ್ಸಲ ತೋರಿಸ್ಕೊಂಡು ಬನ್ನಿ."

"ತೋರಿಸ್ಕೋತೀನಿ. ಇವರದ್ದೊಂದು ಮುಗೀಲಿ."

ಸೊಸೆ ಎರಡೂ ಚೀಲಗಳನ್ನು ತಾನೇ ಎತ್ತಿಕೊಂಡಳು. ಮೇಲೆ ಬಂದ ಮೇಲೆ ಗಂಡನಿಗೆ ಹೇಳಿದಳು. ಅವನು, "ಅಮ್ಮಂಗೆ ರೆಸ್ಟ್ ಬೇಕು, ಅಷ್ಟೇ. ಭಾನುವಾರ ಕರ್ಕೊಂಡು ಹೋಗ್ತೀನಿ" ಎಂದ. ಭಾನುವಾರ ಡಿಪೋದಿಂದ ಫೋನ್ ಬಂತು, ಇನ್ನೊಬ್ಬ ಡ್ರೈವರ್ ರಜೆ ಹಾಕಿದ್ದನಂತೆ. ಮುಂದಿನ ಭಾನುವಾರ ಯಾರಿಗೂ ನೆನಪಾಗಲಿಲ್ಲ. ಅತ್ತೆ ಆರಾಮಾಗಿಯೇ ಕಾಣುತ್ತಿದ್ದರು, ಮಿಷನ್ ತುಳಿಯುತ್ತಲೇ ಇದ್ದರು.

ಬೀಗದವನು ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದ. ಹೊಲಿಗೆ ಒಣಗಿತು. ಮುಖಕ್ಕೆ ಬಣ್ಣ ಬಂತು. ಬಾಲ್ಕನಿವರೆಗೆ ನಡೆದು ಕೆಳಗೆ ಹೋಗುವವರನ್ನು ನೋಡುತ್ತಿದ್ದ. ಯಾರಾದರೂ ತಲೆಯೆತ್ತಿದರೆ ಒಳಗೆ ಸರಿಯುತ್ತಿದ್ದ. ಮೈಗೆ ಬಲ ಬಂದಷ್ಟೂ ಬಾಯಿಗೂ ಬಂತು. ಗಂಜಿ ತೆಳ್ಳಗಾಯಿತು, ಉಪ್ಪಿಲ್ಲ, ಮಿಷನ್ ಸದ್ದಿಗೆ ತಲೆ ಸಿಡಿಯುತ್ತದೆ, ಒಂದೂ ನೆಟ್ಟಗಿಲ್ಲ.

ಅದು ನಡೆದದ್ದು ಒಂದು ಮಧ್ಯಾಹ್ನ. ಹೆಂಡತಿ ಬೆಳಗ್ಗೆಯೇ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು ಹೊಸ ಚೀಲಗಳನ್ನು ತಂದಿದ್ದಳು. ಬಂದವಳೇ ಒಲೆ ಹಚ್ಚಿ ಗಂಜಿ ಮಾಡಿ, ತಟ್ಟೆಯನ್ನು ರೂಮಿನ ಸಣ್ಣ ಮೇಜಿನ ಮೇಲೆ ಅವನ ಮುಂದಿಟ್ಟಳು.

"ಇದೇನಾ ಇವತ್ತೂ?"

"ಇನ್ನೊಂದೆರಡು ವಾರ ಇದನ್ನೇ ತಿನ್ನಿ ಅಂದ್ರು. ಆಮೇಲೆ ನೀವು ಕೇಳಿದ್ದು ಮಾಡ್ತೀನಿ."

"ಆಮೇಲೆ ಆಮೇಲೆ. ಇದಕ್ಕಿಂತ ಅಲ್ಲೇ ಆಪರೇಷನ್ ಮೇಜಿನ ಮೇಲೇ ಹೋಗಿದ್ರೆ ಚೆನ್ನಾಗಿತ್ತು. ನೀನೂ ಕುಕ್ಕಿ ಕುಕ್ಕಿ ತಟ್ಟೆ ಇಡೋದು ತಪ್ತಿತ್ತು."

"ನಾನೆಲ್ಲಿ ಕುಕ್ಕಿದೆ?"

"ಎತ್ಕೊಂಡು ಹೋಗು. ಬೇಡ ನಂಗೆ."

ಅವನು ತಟ್ಟೆ ತಳ್ಳಿದ. ಗಂಜಿ ಅಂಚಿನಿಂದ ಮೇಜಿನ ಮೇಲೆ ಚೆಲ್ಲಿತು. ಅವಳು ಒದ್ದೆ ಬಟ್ಟೆ ತಂದು ಒರೆಸಿದಳು. ಒರೆಸುತ್ತ, "ನೀವು ಉಳಿದ್ರಲ್ಲ ಅಂತ ನಾನು ಖುಷಿಯಾಗಿದ್ದೀನಿ. ಹಾಗೆಲ್ಲ ಅನ್ಬೇಡಿ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ತಟ್ಟೆ ಮುಚ್ಚಿಟ್ಟು, "ಐದು ನಿಮಿಷ ಅಡ್ಡಾಗ್ತೀನಿ ಕಣ್ರೀ" ಎಂದು ಹೊರಗಿನ ಕೋಣೆಗೆ ಹೋದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನಿಗೆ ಬಾಯಾರಿತು. "ಇವಳೇ" ಎಂದು ಕರೆದ. ಮತ್ತೆ ಕರೆದ. "ಸಿಟ್ಟು ಬೇರೆ ಬಂತಾ ನಿನಗೆ? ಬರಲಿ, ಬರಲಿ. ಇದ್ದವನು ನಾನೊಬ್ಬ, ನನ್ನ ಮೇಲಲ್ದೆ ಇನ್ಯಾರ ಮೇಲೆ ಬರುತ್ತೆ" ಎಂದು ಗೊಣಗುತ್ತ ತಾನೇ ಎದ್ದು, ಗೋಡೆ ಹಿಡಿದು ನಡೆದು, ನೀರು ಬಗ್ಗಿಸಿಕೊಂಡು ಕುಡಿದ. ಲೋಟ ಹಿಡಿದುಕೊಂಡೇ ಹೊರಗಿನ ಕೋಣೆಗೆ ಬಂದು, "ನೋಡು, ನಾನೇ ತಗೊಂಡೆ" ಎಂದ. ಅವಳು ಬಟ್ಟೆಯ ಕಟ್ಟುಗಳ ಪಕ್ಕದಲ್ಲಿ, ನೆಲದ ಮೇಲೆ, ಮೊಣಕೈಯನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು. ಆಸ್ಪತ್ರೆಗೆ ಉಟ್ಟುಹೋಗಿದ್ದ ಸೀರೆಯನ್ನೂ ಬದಲಿಸಿರಲಿಲ್ಲ. ಬಗ್ಗಲಾರದೆ ಅವನು ಗೋಡೆಗೆ ಒರಗಿ ಜಾರುತ್ತ ನೆಲಕ್ಕೆ ಕೂತು ಅವಳ ಕೆನ್ನೆ ತಟ್ಟಿದ.

ಅವನ ಕೂಗಿಗೆ ಕೆಳಗಿನ ಮನೆಯವರು ಓಡಿ ಬಂದರು. ಆಂಬುಲೆನ್ಸಿನ ಜೊತೆ ಬಂದವನು ನಾಡಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಹಾರ್ಟ್ ಅಟ್ಯಾಕು ಎಂದ. ಮಲಗಿದ ಹೊತ್ತಿಗೇ ಹೋಗಿರಬೇಕು ಎಂದ.

ಸುದ್ದಿ ಕೇಳಿದ ನೆಂಟರಲ್ಲಿ ಕೆಲವರು, "ಯಾರು, ಅವನಾ?" ಎಂದೇ ಕೇಳಿದರು. ಅವನಲ್ಲ, ಅವಳು ಎಂದು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಯಿತು. ಬಂದವರು ಬೀಗದವನ ಎದುರು ಕೂತು ಅವನ ಹೊಟ್ಟೆಯ ಕಡೆ ನೋಡಿ ಎದ್ದು ಹೋದರು.

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಊಟ. ಸೊಸೆ ಮಾವನನ್ನು ಬಲವಂತವಾಗಿ ಮೇಜಿಗೆ ಕರೆತಂದಿದ್ದಳು. ಎಲ್ಲರ ತಟ್ಟೆಗೂ ಅನ್ನ ಬಿದ್ದಿತ್ತು, ಯಾರೂ ಕೈ ಹಾಕಿರಲಿಲ್ಲ.

"ಅಮ್ಮಂಗೆ ಎದೆ ನೋವಿದ್ದದ್ದು ನಿನಗೆ ಗೊತ್ತಿತ್ತಾ?" ಮಗ ಅಪ್ಪನನ್ನು ಕೇಳಿದ.

"ಗ್ಯಾಸು ಅಂತಿದ್ಲು."

"ನೀನು ನಂಬಿದೆ."

"ನಂಬಿದೆ."

"ಎಷ್ಟು ಸಲ ಹೋಗಿದ್ಲು ಅವಳು ಆ ಆಸ್ಪತ್ರೆಗೆ. ನಿನ್ನ ಚೀಲ, ನಿನ್ನ ಮಾತ್ರೆ, ನಿನ್ನ ರಿಪೋರ್ಟು. ಅಷ್ಟು ಡಾಕ್ಟರುಗಳು ಓಡಾಡೋ ಜಾಗದಲ್ಲಿ, ಇವಳನ್ನೂ ಒಂದ್ಸಲ ನೋಡಿ ಅಂತ ಒಬ್ಬರಿಗಾದ್ರೂ ಹೇಳಿದ್ಯಾ? ಅವಳನ್ನ ತುಳಿದು ತುಳಿದು ಸಾಯಿಸ್ದೆ ನೀನು."

"ರೀ, ಸಾಕು" ಎಂದಳು ಸೊಸೆ. "ನೀವೂ ಭಾನುವಾರ ಅಂದಿದ್ರಿ. ನಾನೂ ಮೆಟ್ಟಿಲ ಮೇಲೆ ನೋಡಿ ಸುಮ್ಮನಾದೆ. ಒಬ್ಬರ ತಲೆ ಮೇಲೇ ಹಾಕ್ಬೇಡಿ."

ಮಗ ಎದ್ದುಹೋದ. ಮೊಮ್ಮಗಳು ಅಳತೊಡಗಿದಳು. ಬೀಗದವನು ತಟ್ಟೆಯನ್ನೇ ನೋಡುತ್ತ ಕೂತಿದ್ದ. ಆ ದಿನದಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಹೇಳುವುದೇನಿದ್ದರೂ ಸೊಸೆಯ ಮೂಲಕ.

ಶಾಲೆ ತೆರೆಯಿತು. ಬಟ್ಟೆ ಕೊಟ್ಟಿದ್ದ ತಾಯಂದಿರು ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು, ಕೇಳಲೋ ಬೇಡವೋ ಎಂದು ಸೆರಗಿನ ತುದಿ ಹಿಡಿದುಕೊಂಡು, "ಹೊಲಿಯೋದು ಬೇಡ, ಬಟ್ಟೆ ಇದ್ರೆ ಸಾಕು" ಎನ್ನುತ್ತಿದ್ದರು. ಸೊಸೆ ಕೆಲಸಕ್ಕೆ ಹೋದ ಮೇಲೆ ಕೊಡುವವನು ಅವನೇ. ಪ್ರತಿ ಕಟ್ಟಿನ ಮೇಲೂ ಅವಳು ಸೀಮೆಸುಣ್ಣದಲ್ಲಿ ಮಗುವಿನ ಹೆಸರು ಬರೆದಿದ್ದಳು. ಒಂದು ಅಂಗಿಗೆ ಒಂದೇ ತೋಳು ಕೂಡಿಸಿತ್ತು. ಅದನ್ನು ತೆಗೆದುಕೊಂಡ ಹೆಂಗಸು, "ಇನ್ನೊಂದು ತೋಳು ಬೇರೆ ಕಡೆ ಹಾಕಿಸ್ಕೋತೀನಿ ಬಿಡಿ" ಎಂದಳು. ಮೆಟ್ಟಿಲಿಳಿಯುವಾಗ ಅವಳು ಅಳುವುದು ಅವನಿಗೆ ಕೇಳಿಸಿತು. ಗೋಡೆಯುದ್ದದ ಕಟ್ಟುಗಳೆಲ್ಲ ಖಾಲಿಯಾದವು.

ಚೀಲದ ಕೆಲಸವನ್ನು ಈಗ ಅವನೇ ಮಾಡಿಕೊಳ್ಳುತ್ತಿದ್ದ. ಸೊಸೆ, "ನಾನು ಮಾಡ್ತೀನಿ ಮಾವ" ಎಂದು ಎಷ್ಟೋ ಸಲ ಕೇಳಿದಳು.

"ಮಗಳ ಹಾಗಿರೋಳು ನೀನು. ಬೇಡಮ್ಮ."

"ಮಗಳಾಗಿದ್ರೆ ಮಾಡಿಸ್ಕೋತಿರಲಿಲ್ವಾ?"

"ಮಗಳಾಗಿದ್ರೂ ಬೇಡ."

ಅವನ ತಟ್ಟೆ ಪ್ರತಿದಿನ ತೊಳೆದಿಟ್ಟಂತೆ ಖಾಲಿಯಾಗಿರುತ್ತಿತ್ತು. ಮುಖ ಮಾತ್ರ ಇಳಿಯುತ್ತ ಬಂತು; ಚೆಕಪ್ಪಿಗೂ ಒಲ್ಲೆ ಎನ್ನತೊಡಗಿದ. ಬೇಗ ಮನೆಗೆ ಬಂದ ಒಂದು ದಿನ ಸೊಸೆ ಕಾರಣ ಕಂಡಳು. ಅವನು ಬಾಲ್ಕನಿಯಲ್ಲಿ ನಿಂತು ಗಂಜಿಯನ್ನು ಹೂವಿಲ್ಲದ ಕುಂಡದೊಳಗೆ ಬಗ್ಗಿಸುತ್ತಿದ್ದ.

"ಏನ್ ಮಾವ ಇದು?"

ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತ. "ತಿಂದ್ರೆ ತುಂಬುತ್ತೆ ಕಣಮ್ಮ. ತುಂಬಿದ್ರೆ ಬಿಚ್ಬೇಕು. ಒಂದ್ ಹೊತ್ತು ತಿಂದ್ರೆ ಒಂದ್ಸಲಕ್ಕೆ ಮುಗಿಯುತ್ತೆ."

"ಚೆಕಪ್ಪಿಗೆ ಹೋಗೋಕೆ ಯಾಕೆ ಒಲ್ಲೆ ಅಂತಿದ್ದೀರಿ ಅನ್ನೋದು ಈಗ ಗೊತ್ತಾಯ್ತು ನಂಗೆ."

"ಯಾರಿಗೋಸ್ಕರ ಹೋಗ್ಲಿ ಹೇಳು."

ಅವಳು ತಟ್ಟೆ ಕಿತ್ತುಕೊಂಡು ಒಳಗೆ ಹೋದಳು. ಗಂಡ ಬಂದ ಕೂಡಲೇ ಹೇಳಿದಳು: "ನಿಮ್ಮಪ್ಪ ಹಸ್ಕೊಂಡು ಸಾಯ್ತಿದ್ದಾರೆ. ನೀವು ಮಾತಾಡ್ಬೇಡಿ, ಬಿಡಿ. ಆದ್ರೆ ನಾಳೆ ನಿಮಗೆ ರಜೆ. ನಾನು ಮಗೂನ ಕರ್ಕೊಂಡು ಹೊರಗೆ ಹೋಗ್ತೀನಿ. ಏನ್ ಮಾಡ್ತೀರೋ ನಿಮಗೇ ಬಿಟ್ಟಿದ್ದು."

ಮರುದಿನ ಬೆಳಗ್ಗೆ ಮನೆಯಲ್ಲಿ ಅವರಿಬ್ಬರೇ ಉಳಿದರು. ಬಚ್ಚಲಿಗೆ ಹೋದ ಅಪ್ಪ ಬಹಳ ಹೊತ್ತಾದರೂ ಬರಲಿಲ್ಲ. ಮಗ ಬಾಗಿಲ ಹೊರಗೆ ನಿಂತ. ಒಳಗೆ ಏನೋ ಬಿದ್ದ ಸದ್ದಾಯಿತು.

"ಅಪ್ಪ."

ಮಗ ಬಾಗಿಲು ತಟ್ಟಿದ.

"ಅಪ್ಪ, ಚಿಲಕ ತೆಗಿ."

ಚಿಲಕ ಹಾಕಿರಲಿಲ್ಲ. ಬೀಗದವನು ಸ್ಟೂಲಿನ ಮೇಲೆ ಅಂಗಿ ಎತ್ತಿಕೊಂಡು ಕೂತಿದ್ದ. ಚೀಲ ಒಂದು ಬದಿಯಲ್ಲಿ ಕಿತ್ತುಕೊಂಡು ಜೋತಿತ್ತು; ಪಂಚೆ, ತೊಡೆ, ನೆಲ ಎಲ್ಲ ಹೊಲಸು. ಹೊಟ್ಟೆಯ ಆ ಸಣ್ಣ ಬಾಯಿಯ ಸುತ್ತ ಚರ್ಮ ಸುಟ್ಟಂತೆ ಕೆಂಪಗೆ ಸುಲಿದುಹೋಗಿತ್ತು. ಮಗ ಅದನ್ನು ನೋಡಿದ್ದು ಅದೇ ಮೊದಲು.

"ನೀನು ಹೋಗು. ಮಾಡ್ಕೋತೀನಿ."

ಮಗ ಹೋಗಲಿಲ್ಲ. ಪ್ಯಾಂಟು ಮಡಚಿ, ಬಕೆಟ್ಟಿಗೆ ಬಿಸಿನೀರು ಬಿಟ್ಟು, ಅಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ನಾತಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಬಟ್ಟೆ ಅದ್ದಿ ಒರೆಸಿದ. ಅಪ್ಪ ಹಲ್ಲು ಕಚ್ಚಿದ.

"ಉರಿಯುತ್ತಾ?"

"ಹ್ಞೂಂ."

"ಇದಕ್ಕೆ ಅಮ್ಮ ಏನು ಹಚ್ತಿದ್ಲು? ಯಾವುದು ಮೊದಲು ಮಾಡ್ತಿದ್ಲು?"

ಬೀಗದವನು ಮುಖ ಪಕ್ಕಕ್ಕೆ ತಿರುಗಿಸಿದ.

"ಹೇಳಪ್ಪ. ನಂಗೆ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ ಕಣೋ. ಅವಳು ಮಾಡುವಾಗ ನಾನು ನೋಡ್ತಿರಲಿಲ್ಲ. ಗೋಡೆ ಕಡೆ ಮುಖ ತಿರುಗಿಸ್ಕೊಂಡು ಮಲಗ್ತಿದ್ದೆ. ಅವಳು ಮುಗೀತು ಅಂದ ಮೇಲೆ ತಿರುಗ್ತಿದ್ದೆ." ಎತ್ತಿ ಹಿಡಿದಿದ್ದ ಅಂಗಿಯನ್ನು ಇನ್ನಷ್ಟು ಮೇಲೆ ಸರಿಸಿಕೊಂಡ. "ಏನೋ ಮಾತಾಡ್ತಾನೇ ಇರ್ತಿದ್ಲು. ಯಾವ ಮಗುವಿನ ಅಳತೆ ತಪ್ಪಾಯ್ತು, ಯಾವ ಬಸ್ಸಲ್ಲಿ ಸೀಟು ಸಿಕ್ತು. ಅದನ್ನೂ ನಾನು ಕೇಳಿಸ್ಕೋತಿರಲಿಲ್ಲ."

ಮಗ ತಲೆ ತಗ್ಗಿಸಿ ಒರೆಸುತ್ತಲೇ ಇದ್ದ. ಸುಲಿದ ಜಾಗವನ್ನು ಒತ್ತದೆ, ಬಟ್ಟೆಯನ್ನು ಮುಟ್ಟಿಸಿ ಮುಟ್ಟಿಸಿ ಒಣಗಿಸಿದ. ಹೊಸ ಚೀಲದ ಪೊಟ್ಟಣದ ಮೇಲಿದ್ದ ಚಿತ್ರಗಳನ್ನು ನೋಡಿ, ಅಂಟನ್ನು ಬಿಡಿಸಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಒತ್ತಿದ. ಸೊಟ್ಟಗಾಯಿತು. ಕಿತ್ತು ಇನ್ನೊಂದು ಅಂಟಿಸಿದ. ಆಮೇಲೆ ಅಪ್ಪನ ಕಾಲು ತೊಳೆದ, ನೆಲ ತೊಳೆದ, ಒಗೆದ ಪಂಚೆ ತಂದು ಸುತ್ತಿದ.

"ಅಪ್ಪ, ನಾನು ಆವತ್ತು ಊಟದ ಹೊತ್ತಲ್ಲಿ ಅಂದದ್ದು…"

"ಅದರಲ್ಲಿ ಸುಳ್ಳೇನಿತ್ತು?"

ಮಗ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದ. ಸುಳ್ಳು ಎನ್ನಲಿಲ್ಲ. ಸುಳ್ಳು ಎಂದಿದ್ದರೆ ಅಪ್ಪ ನಂಬುತ್ತಲೂ ಇರಲಿಲ್ಲ. ಕೊನೆಯ ಗುಂಡಿಯವರೆಗೂ ಹಾಕಿ, "ನಾಳೆನೂ ರಜೆ ಹಾಕ್ತೀನಿ. ಇದನ್ನ ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಎಂದ.

"ಬೇಡ ಕಣೋ."

"ಅಮ್ಮನ್ನ ಭಾನುವಾರ ಕರ್ಕೊಂಡು ಹೋಗ್ತೀನಿ ಅಂದಿದ್ದೆ ನಾನು" ಎಂದ ಮಗ. ಒದ್ದೆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಬಚ್ಚಲ ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟ. ಮಗ ಕೈ ಸರಿಸಲಿಲ್ಲ; ಅಪ್ಪನೂ ತೆಗೆಯಲಿಲ್ಲ.

ಮಾರನೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಅದಾದ ಮೇಲೆ ಚೀಲ ಬದಲಿಸುವುದು ಮಗನ ಕೆಲಸವಾಯಿತು. ಪಾಳಿ ಮುಗಿಸಿ ಬಂದು, ಕೈತೊಳೆದು, "ಬಾಪ್ಪ" ಎನ್ನುತ್ತಿದ್ದ. ಅವರ ನಡುವೆ ಮೊದಲಿನಂತೆ ಮಾತೇನೂ ಹುಟ್ಟಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಹುಟ್ಟಿತು. ಚರ್ಮ ಮಾಯಿತು. ಎರಡನೇ ಆಪರೇಷನ್ ಆಗಿ ಹೊಟ್ಟೆಯ ಬಾಯಿ ಮುಚ್ಚಿತು. ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ನೋಡಿ, ಸದ್ಯಕ್ಕೆ ಎಲ್ಲೂ ಏನೂ ಇಲ್ಲ, ಧೈರ್ಯವಾಗಿರಿ ಎಂದರು. ಮಗ ಅಂಗಡಿಯ ತಗಡಿನ ಬಾಗಿಲಿಗೆ ಎಣ್ಣೆ ಬಿಟ್ಟು, ಧೂಳು ಹೊಡೆದುಕೊಟ್ಟ. ಬೀಗದವನು ಮತ್ತೆ ಅಲ್ಲಿ ಕೂತ. ಬೀಗದ ಕೈ ಉಜ್ಜುತ್ತಿದ್ದ, ಮಾತು ಕಡಿಮೆ.

ಬೇರೆ ಊರಿಗೆ ಹೋಗಿ ಸೇರಿದ್ದ ಒಬ್ಬ ಹಳೆಯ ಗಿರಾಕಿ, ವಯಸ್ಸಾದ ಹೆಂಗಸು, ಒಂದು ದಿನ ಪೆಟ್ಟಿಗೆ ಅಂಗಡಿ ಮುಂದೆ ಬಂದು ನಿಂತರು. ಮನೆ ಬಾಗಿಲಿಗೆ ಇನ್ನೊಂದು ಕೀ ಬೇಕಿತ್ತು.

"ಕ್ಯಾನ್ಸರ್ ಅಂತ ಕೇಳಿದ್ದೆ. ಪರವಾಗಿಲ್ವೇ, ಮುಂಚಿನ ಹಾಗೇ ಇದ್ದೀರಿ."

"ಹ್ಞೂಂ, ಹುಷಾರಾಗಿದ್ದೀನಿ."

"ನಿಮ್ಮ ಮನೆಯವರು ಚೆನ್ನಾಗಿ ನೋಡ್ಕೊಂಡಿರ್ಬೇಕು."

ಕೀ ಉಜ್ಜುತ್ತ ಅರ ಹಿಡಿದಿದ್ದ ಅವನ ಕೈ ನಿಂತಿತು. "ನೋಡ್ಕೊಂಡ್ಲು" ಎಂದ.

"ನನ್ನ ಮೊಮ್ಮಗಂಗೆ ಅವರೇ ಅಂಗಿ ಹೊಲಿದುಕೊಟ್ಟಿದ್ರು. ನಾನು ಕೇಳ್ದೆ ಅಂತ ಹೇಳಿ ಅವರಿಗೆ."

ಬೀಗದವನು ಉಜ್ಜಿದ ಕೀಯ ಮೇಲಿನ ಪುಡಿಯನ್ನು ಊದಿ, ಬಟ್ಟೆಯಲ್ಲಿ ಒರೆಸಿ, ಅವರ ಅಂಗೈಯಲ್ಲಿಟ್ಟ.

"ಆಗ್ಲಿ, ಹೇಳ್ತೀನಿ" ಎಂದ.